ಸ್ಕ್ರಮ್ ಎಂಬ ಮುರಿಯಾಳು

ಸ್ಕ್ರಮ್ ಅನ್ನೋ ಪದ ಕೇಳದ ಸಾಫ್ಟ್‌ವೇರ್ ಮಂದಿ ಇವತ್ತು ಬೆಂಗಳೂರಲ್ಲಿ ಸಿಗೋದು ಕಷ್ಟ. ಆದ್ರೆ ಅದು ಎಲ್ಲಿಂದ ಬಂತು, ಯಾರು ಯಾಕೆ ಶುರು ಮಾಡಿದ್ರು ಅಂತ ಕೇಳಿದ್ರೆ ಹೆಚ್ಚಿನವರು ತಲೆ ಕೆರ್ಕೋತಾರೆ. ಎರಡು ದಿನದ ತರಬೇತಿಗೆ ಹೋಗಿ ಸರ್ಟಿಫಿಕೇಟ್ ತಗೊಂಡು ಬಂದವರೂ ಅಷ್ಟೇ. ಬೋರ್ಡು, ಚೀಟಿ, ಸ್ಟ್ಯಾಂಡ್‌ಅಪ್, ಸ್ಪ್ರಿಂಟ್ ಅಂತ ಹೊಸ ಹುಡುಗರಿಗೆ ಪಟಪಟ ಹೇಳಿಕೊಡ್ತಾರೆ. ಇದಕ್ಕೊಂದು ಚರಿತ್ರೆ ಇದೆ, ಆ ಚರಿತ್ರೆಯೊಳಗೇ ಒಂದು ಜಗಳ ಇದೆ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ. ನನಗೆ ಆ ಜಗಳದ ತುದಿ ಸಿಕ್ಕಿದ್ದು ಆಫೀಸಿನಲ್ಲಲ್ಲ, ಮನೆಯಲ್ಲಿ. ಶಿರಸಿ ಕಡೆಯ ನಮ್ಮ ಮನೆಗೆ ಹೋದಾಗ ಆಯಿ ಕೇಳಿದ್ಲು, "ಅದೆಂತದಾ ತಮಾ, ದಿನಾ ಎಲ್ಲರೂ ನಿಂತ್ಕಂಡು ಮಾತಾಡದು?" ಅಂತ. ಏಳೆಂಟು ಜನದ ಗುಂಪು, ಮೇಲೊಬ್ಬ ಮೇಸ್ತ್ರಿ ಇಲ್ಲ, ಎರಡು ವಾರದ ಕೆಲಸ ನಾವೇ ಹಂಚಿಕೊಳ್ತೀವಿ, ದಿನಾ ಹದಿನೈದು ನಿಮಿಷ ಕೂಡಿ ನಿನ್ನೆ ಏನಾಯ್ತು ಇವತ್ತೇನು ಅಂತ ಹೇಳ್ಕೋತೀವಿ ಅಂತ ವಿವರಿಸಿದೆ. ಕವಳ ಹಾಕ್ತಾ ಕೂತಿದ್ದ ಅಪ್ಪಯ್ಯ, "ಹಂಗಾರೆ ಮುರಿಯಾಳು ಹೇಳಾತು. ಅದ್ರಲ್ಲಿ ಲೆಕ್ಕ ಬರ್ಕಂಬವ ಯಾರು?" ಅಂದ.

ಆ ಪ್ರಶ್ನೆಯನ್ನ ಸ್ವಲ್ಪ ಪಕ್ಕಕ್ಕಿಟ್ಟು ಮೊದಲು ಚರಿತ್ರೆ ನೋಡೋಣ.

ನಾವು ಜಲಪಾತದ ಸೀಮೆಯವರು. ಶಿರಸಿಗೆ ಶಿವಗಂಗೆ, ಸಿದ್ದಾಪುರಕ್ಕೆ ಉಂಚಳ್ಳಿ, ಯಲ್ಲಾಪುರಕ್ಕೆ ಮಾಗೋಡು ಮತ್ತು ಸಾತೊಡ್ಡಿ, ಸಿದ್ದಾಪುರದ ಅಂಚಿನಲ್ಲಿ ಜೋಗ. ಹಾಗಾಗಿ ಸಾಫ್ಟ್‌ವೇರಿನಲ್ಲಿ 'ವಾಟರ್‌ಫಾಲ್' ಅಂದ್ರೆ ಬೈಗುಳ ಅಂತ ಗೊತ್ತಾದಾಗ ನನಗೆ ಸ್ವಲ್ಪ ಬೇಜಾರೇ ಆಯ್ತು! ವಾಟರ್‌ಫಾಲ್ ಅಂದ್ರೆ ಮೊದಲು ಏನು ಬೇಕು ಅಂತ ಪೂರ್ತಿ ಬರೆಯೋದು, ಆಮೇಲೆ ಪೂರ್ತಿ ನಕ್ಷೆ, ಆಮೇಲೆ ಪೂರ್ತಿ ಕೋಡ್, ಕೊನೆಗೆ ಪರೀಕ್ಷೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಇಳೀತಾ ಹೋಗೋದು. ಉಂಚಳ್ಳಿಯಲ್ಲಿ ಬಿದ್ದ ಅಘನಾಶಿನಿ ಮತ್ತೆ ಮೇಲೆ ಹತ್ತಲ್ಲ. ಇಲ್ಲೂ ಹಾಗೇ, ಪರೀಕ್ಷೆಯಲ್ಲಿ ತಪ್ಪು ಗೊತ್ತಾದಾಗ ವಾಪಸ್ ಹೋಗೋಕೆ ದಾರಿ ಇರಲ್ಲ. ಈ ಚಿತ್ರ ಬರೆದವರು ವಿನ್ಸ್ಟನ್ ರಾಯ್ಸ್ ಅನ್ನೋ ಅಮೆರಿಕನ್ ಇಂಜಿನಿಯರ್, 1970ರ ಒಂದು ಪ್ರಬಂಧದಲ್ಲಿ. ತಮಾಷೆ ಅಂದ್ರೆ ಆ ಚಿತ್ರದ ಕೆಳಗೇ ಅವರು, ಹೀಗೆ ಮಾಡಿದ್ರೆ ಅಪಾಯ, ಕೆಲಸ ಕೆಡುತ್ತೆ ಅಂತ ಬರೆದಿದ್ರು. 'ವಾಟರ್‌ಫಾಲ್' ಅನ್ನೋ ಹೆಸರನ್ನೂ ಅವರು ಇಟ್ಟಿರಲಿಲ್ಲ, ಅದು ಬಂದಿದ್ದು 1976ರಲ್ಲಿ, ಬೇರೆಯವರ ಪ್ರಬಂಧದಲ್ಲಿ. ಜನ ಚಿತ್ರ ನೋಡಿದ್ರು, ಕೆಳಗಿನ ಸಾಲು ಓದಲಿಲ್ಲ. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಗುತ್ತಿಗೆದಾರರಿಗೆ ಕೊಟ್ಟ ನಿಯಮಾವಳಿಯೂ ಹೆಚ್ಚು ಕಡಿಮೆ ಇದೇ ದಾರಿ ಹಿಡೀತು.

ಅದರ ಮರುವರ್ಷ, ಅಂದ್ರೆ 1986ರಲ್ಲಿ, ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಹಿರೋತಕ ತಕೇವುಚಿ ಮತ್ತು ಇಕುಜಿರೊ ನೊನಾಕ ಅನ್ನೋ ಇಬ್ಬರು ಜಪಾನೀ ಪ್ರಾಧ್ಯಾಪಕರು ಒಂದು ಲೇಖನ ಬರೆದ್ರು. ಅದರಲ್ಲಿ ಸಾಫ್ಟ್‌ವೇರಿನ ಸುದ್ದಿ ಇಲ್ಲ. ಫ್ಯೂಜಿ ಜೆರಾಕ್ಸಿನ ಮತ್ತು ಕ್ಯಾನನ್ನಿನ ನಕಲು ಯಂತ್ರಗಳು, ಕ್ಯಾನನ್ ಕ್ಯಾಮೆರಾ, ಹೋಂಡಾದ ಸಿಟಿ ಕಾರು, ಎನ್ಇಸಿ ಕಂಪ್ಯೂಟರು, ಇಂಥವನ್ನೆಲ್ಲ ಬೇಗ ತಯಾರಿಸಿದ ತಂಡಗಳನ್ನ ಅವರು ಹತ್ತಿರದಿಂದ ನೋಡಿದ್ರು. ಹಳೇ ಪದ್ಧತಿ ರಿಲೇ ಓಟದ ಹಾಗೆ, ಒಬ್ಬ ಓಡಿ ಕೋಲು ಇನ್ನೊಬ್ಬನ ಕೈಗೆ ಕೊಡ್ತಾನೆ. ಈ ತಂಡಗಳು ರಗ್ಬಿ ಆಟದ ಹಾಗೆ, ಚೆಂಡನ್ನ ತಮ್ಮೊಳಗೇ ಆಕಡೆ ಈಕಡೆ ಕೊಡ್ತಾ ಎಲ್ಲರೂ ಒಟ್ಟಿಗೆ ಮುಂದೆ ಹೋಗ್ತಾರೆ ಅಂತ ಹೇಳಿದ್ರು. ಸ್ಕ್ರಮ್ ಅನ್ನೋದು ರಗ್ಬಿಯ ಪದವೇ, ಆಟಗಾರರು ತಲೆ ತಗ್ಗಿಸಿ ತೋಳಿಗೆ ತೋಳು ಕೊಟ್ಟು ಗುಂಪುಗೂಡಿ ತಳ್ಳೋದು.

ಈ ಲೇಖನವನ್ನ ಎಲ್ಲರೂ ಹೆಸರಿಸ್ತಾರೆ, ಪೂರ್ತಿ ಓದಿದವರು ಕಡಿಮೆ ಅಂತ ನನ್ನ ಗುಮಾನಿ. ಯಾಕಂದ್ರೆ ಅದರಲ್ಲಿ ಇಂಥ ತಂಡಗಳ ಗುಣ ಅಂತ ಆರನ್ನ ಪಟ್ಟಿ ಮಾಡಿದಾರೆ. ಒಂದು, ತನ್ನನ್ನ ತಾನೇ ನಡೆಸಿಕೊಳ್ಳುವ ತಂಡ. ಅದೇ ಪಟ್ಟಿಯ ಇನ್ನೊಂದು, ಮೇಲಿನವರ ಸೂಕ್ಷ್ಮವಾದ ಹಿಡಿತ! ಹಗ್ಗ ಬಿಟ್ಟ ಹಾಗೆ ಕಾಣ್ಬೇಕು, ತುದಿ ಮಾತ್ರ ಕೈಯಲ್ಲೇ ಇರ್ಬೇಕು. ಕೊನೆಯಲ್ಲಿ ಅವರೇ ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಬರೆದಿದಾರೆ. ಈ ಪದ್ಧತಿಗೆ ವಿಪರೀತ ದುಡಿಮೆ ಬೇಕು, ಕೆಲವು ತಂಡದವರು ಕೆಲಸದ ಬಿಸಿ ಏರಿದಾಗ ತಿಂಗಳಿಗೆ 100 ಗಂಟೆ, ಉಳಿದ ದಿನಗಳಲ್ಲಿ 60 ಗಂಟೆ ಓವರ್‌ಟೈಮ್ ಮಾಡಿದ್ರು ಅಂತ. ಜಗಳ ಅಂದೆನಲ್ಲ, ಅದರ ಬೀಜ ಇಲ್ಲೇ ಇದೆ.

ಇದನ್ನ ಸಾಫ್ಟ್‌ವೇರಿಗೆ ತಂದವರು ಜೆಫ್ ಸದರ್‌ಲ್ಯಾಂಡ್. ವಿಯೆಟ್ನಾಂ ಯುದ್ಧದಲ್ಲಿ ವಿಮಾನ ಹಾರಿಸಿದ್ದ ಮನುಷ್ಯ. 1993ರಲ್ಲಿ ಈಸೆಲ್ ಅನ್ನೋ ಕಂಪನಿಯಲ್ಲಿ ಒಂದು ಸಣ್ಣ ತಂಡ ಕಟ್ಟಿಕೊಂಡು ಮೊದಲ ಪ್ರಯೋಗ ಮಾಡಿದ್ರು. ದಿನಾ ಕೂಡಿ ಮಾತಾಡೋ ಪದ್ಧತಿಗೆ ಬೋರ್ಲ್ಯಾಂಡ್ ಕಂಪನಿಯ ಕ್ವಾಟ್ರೊ ಪ್ರೊ ತಂಡದ ಬಗ್ಗೆ ಜೇಮ್ಸ್ ಕೊಪ್ಲಿಯನ್ ಬರೆದಿದ್ದು ಪ್ರೇರಣೆ. 1995ರಲ್ಲಿ ಕೆನ್ ಶ್ವೇಬರ್ ಜೊತೆ ಸೇರಿ ಟೆಕ್ಸಾಸಿನ ಆಸ್ಟಿನ್ನಿನಲ್ಲಿ ನಡೆದ ಸಮ್ಮೇಳನದಲ್ಲಿ ಸ್ಕ್ರಮ್ ಅನ್ನ ಲೋಕದ ಮುಂದಿಟ್ಟರು. ಆಮೇಲೆ 2001ರ ಫೆಬ್ರವರಿ 11ರಿಂದ 13ರವರೆಗೆ ಯೂಟಾದ ಸ್ನೋಬರ್ಡ್ ಅನ್ನೋ ಹಿಮದ ಊರಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದ್ರು. 17 ಜನವೂ ಗಂಡಸರು, ಭಾರತದವರು ಒಬ್ಬರೂ ಇಲ್ಲ. ನಾಲ್ಕು ಮೌಲ್ಯ, ಹನ್ನೆರಡು ತತ್ವ. ದಪ್ಪ ದಪ್ಪ ಕಡತಕ್ಕಿಂತ ನಡೆಯೋ ಸಾಫ್ಟ್‌ವೇರ್ ದೊಡ್ಡದು, ಪದ್ಧತಿಗಿಂತ ಮನುಷ್ಯರು ದೊಡ್ಡವರು ಅನ್ನೋ ಧಾಟಿ. ಹನ್ನೆರಡರಲ್ಲಿ ಒಂದು ತತ್ವ ಮಾತ್ರ ನಾನು ಎಲ್ಲರಿಗೂ ತೋರಿಸ್ತಿರ್ತೀನಿ: ಎಷ್ಟು ದಿನ ಬೇಕಾದ್ರೂ ಒಂದೇ ಹದದಲ್ಲಿ ಮಾಡ್ಕೊಂಡು ಹೋಗೋಕಾಗುವಷ್ಟೇ ವೇಗ ಇರ್ಬೇಕು ಅನ್ನೋದು. 100 ಗಂಟೆ ಓವರ್‌ಟೈಮಿಗೆ ಅದು ಉತ್ತರ ಅಂತ ನಾನು ಓದ್ಕೊಂಡಿದೀನಿ.

ಸರಿ, ಈಗ ಅದರ ಒಳಗೆ ಏನಿದೆ ನೋಡೋಣ. ಸಾಫ್ಟ್‌ವೇರಿನವರಲ್ಲದವರಿಗೆ ಅಡಿಕೆ ಸುಗ್ಗಿಯಲ್ಲಿ ಹೇಳಿದ್ರೆ ಬೇಗ ತಲೆಗೆ ಹೋಗುತ್ತೆ.

ಕೆಂಪಡಿಕೆ ಮಾಡೋ ಮನೆಯಲ್ಲಿ ಇಡೀ ತೋಟ ಒಂದೇ ಸಲ ಕೊಯ್ಯಲ್ಲ. ಒಂದೇ ಮರದಲ್ಲಿ ಕೊನೆಗಳು ಹಿಂದೆ ಮುಂದೆ ಬಲೀತವೆ. ಹಾಗಾಗಿ ಮೊದಲ ಕೊಯ್ಲು, ಎರಡನೇ ಕೊಯ್ಲು, ಮೂರನೇದು ಅಂತ ಬಿಡಿಸಿ ಬಿಡಿಸಿ. ಒಂದೊಂದು ಕೊಯ್ಲೂ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ ಚೀಲಕ್ಕೆ ಹಾಕೋವರೆಗೆ ಪೂರ್ತಿ. ಇಡೀ ತೋಟ ಕೊಯ್ದು ಮುಗಿಸಿ ಆಮೇಲೆ ಸುಲಿಯೋಕೆ ಕೂತ್ಕೋತೀನಿ ಅಂತ ಯಾರಾದ್ರೂ ಹೊರಟರೆ ಅಡಿಕೆ ಬಾಡಿ, ಬಣ್ಣ ಕೆಟ್ಟು, ದರ ಹೋಗುತ್ತೆ. ಇದು ಸ್ಪ್ರಿಂಟ್. ಒಂದು ತಿಂಗಳೊಳಗೆ, ಸಾಮಾನ್ಯವಾಗಿ ಎರಡು ವಾರದಲ್ಲಿ, ಸಣ್ಣದಾದ್ರೂ ಪೂರ್ತಿಯಾದ ಒಂದು ಕೆಲಸ. ಅರ್ಧ ಸುಲಿದ ಅಡಿಕೆ ರಾಶಿ ಎಷ್ಟು ದೊಡ್ಡದಿದ್ರೂ ಲೆಕ್ಕಕ್ಕಿಲ್ಲ.

ಇವತ್ತು ಎಷ್ಟು ಕೊಯ್ಯೋದು ಅಂತ ತೀರ್ಮಾನ ಆಗೋದು ಮರದ ತುದಿಯಲ್ಲಲ್ಲ. ರಾತ್ರಿ ಸುಲಿಯೋಕೆ ಎಷ್ಟು ಜನ ಇದಾರೆ, ಹಂಡೆ ಎಷ್ಟು ಹಿಡಿಯುತ್ತೆ, ಅಟ್ಟದ ಮೇಲೆ ನಿನ್ನೆಯದು ಒಣಗಿ ಜಾಗ ಆಯ್ತಾ, ನವೆಂಬರ್ ಮೋಡ ಏನು ಹೇಳ್ತಾ ಇದೆ, ಇವೆಲ್ಲ ಸೇರಿ ಕೊನೆಗೌಡ ಎಷ್ಟು ಮರ ಹತ್ಬೇಕು ಅಂತ ಹೇಳ್ತವೆ. ಹಿಂದಿನ ಮೆಟ್ಟಿಲು ಮುಂದಿನದನ್ನ ದೂಡೋದಲ್ಲ, ಮುಂದಿನದು ಹಿಂದಿನದನ್ನ ಎಳೆದುಕೊಳ್ಳೋದು. ಟೊಯೋಟಾ ಕಾರ್ಖಾನೆಯಲ್ಲಿ ತೈಇಚಿ ಓನೊ ಎರಡನೇ ಮಹಾಯುದ್ಧದ ನಂತರ ಕಾನ್‌ಬಾನ್ ಚೀಟಿ ಹಿಡಿದು ಸಾಧಿಸಿದ್ದು ಇದನ್ನೇ. ಮುಂದಿನವನು ಕೇಳದೇ ಹಿಂದಿನವನು ಬಿಡಿಭಾಗ ಮಾಡೋ ಹಾಗಿಲ್ಲ.

ಇನ್ನು ಪಾತ್ರಗಳು. ಸ್ಕ್ರಮ್ಮಿನಲ್ಲಿ ಮೂರೇ. ಏನು ಬೇಕು, ಯಾವುದು ಮೊದಲು ಅಂತ ಹೇಳೋ ಪ್ರಾಡಕ್ಟ್ ಓನರ್, ಮಾಡೋ ಜನ, ತಂಡದ ದಾರಿಯಲ್ಲಿ ಬಿದ್ದ ಕಲ್ಲು ಮುಳ್ಳು ತೆಗೆಯೋ ಸ್ಕ್ರಮ್ ಮಾಸ್ಟರ್. ಮಾಸ್ಟರ್ ಅಂತ ಹೆಸರಿದ್ರೂ ಅವನು ಸಾಹುಕಾರ ಅಲ್ಲ. ಮೆಟ್ಟುಗತ್ತಿ ಮೊಂಡಾದ್ರೆ ಹದ ಮಾಡಿಸಿ ತರೋದು, ದೀಪ ಸರಿ ಮಾಡೋದು, ನಡುರಾತ್ರಿ ಕಷಾಯ ತಂದು ಕೊಡೋದು ಅವನ ಕೆಲಸ. ಎಷ್ಟು ಕೆಲಸ ಈ ಸ್ಪ್ರಿಂಟಿಗೆ ಅಂತ ಹೇಳೋ ಹಕ್ಕು ಮಾಡೋರದ್ದು ಮಾತ್ರ, ಓನರಿನದ್ದೂ ಅಲ್ಲ ಮಾಸ್ಟರಿನದ್ದೂ ಅಲ್ಲ. ನನ್ನ ಮಟ್ಟಿಗೆ ಇಡೀ ಸ್ಕ್ರಮ್ಮಿನಲ್ಲಿ ಹೊಸದು ಅಂತ ಇರೋದು ಈ ಒಂದು ನಿಯಮ. ಉಳಿದಿದ್ದೆಲ್ಲ ಚೀಟಿ ಅಂಟಿಸೋ ಕೆಲಸ.

ಈಗ ಅಪ್ಪಯ್ಯನ ಪ್ರಶ್ನೆಗೆ ಬರೋಣ. ಮುರಿಯಾಳು ಅಂದ್ರೆ ಕೆಲಸಕ್ಕೆ ಕೆಲಸವೇ ಕೂಲಿ. ಮಲೆನಾಡಿನ ಬೇರೆ ಕಡೆ ಮುಯ್ಯಾಳು ಅಂತಾರೆ. ನಮ್ಮನೆ ಗದ್ದೆ ನೆಟ್ಟಿಗೆ ನಿಮ್ಮನೆಯಿಂದ ಇಬ್ಬರು ಬಂದ್ರೆ, ನಿಮ್ಮನೆ ನೆಟ್ಟಿಗೆ ನಮ್ಮನೆಯಿಂದ ಇಬ್ಬರು. ಅಡಿಕೆ ಸುಲಿಯೋಕೂ ಹಾಗೇ, ಇವತ್ತು ಈ ಮನೆ ಜಗಲಿ, ನಾಳೆ ಆ ಮನೆ ಜಗಲಿ. ಯಾರು ಎಷ್ಟು ಸುಲಿದ್ರು ಅಂತ ಯಾರೂ ಅಳೆಯಲ್ಲ. ಕೈ ನಿಧಾನದ ಅಜ್ಜಿಯೂ ಒಂದು ಆಳು, ಚುರುಕಿನ ಹುಡುಗಿಯೂ ಒಂದು ಆಳು. ಲೆಕ್ಕ ಇರುತ್ತೆ, ಆದ್ರೆ ತಲೆಯಲ್ಲಿ. ಎಲ್ಲರಿಗೂ ಎಲ್ಲರದ್ದೂ ಗೊತ್ತಿರುತ್ತೆ.

ಹಾಗಂತ ನಮ್ಮೂರಲ್ಲಿ ಎಲ್ಲ ಮೊದಲೇ ಇತ್ತು, ಅಮೆರಿಕದವರು ಈಗ ಕಂಡುಹಿಡಿದ್ರು ಅಂತ ಎದೆ ತಟ್ಟಿಕೊಳ್ಳೋಕೆ ನಾನು ತಯಾರಿಲ್ಲ. ಯಾಕಂದ್ರೆ ಅದೇ ಜಗಲಿಯ ಮೇಲೆ, ಅದೇ ಮೆಟ್ಟುಗತ್ತಿ ಹಿಡಿದು, ಇನ್ನೊಂದು ಥರದ ಜನವೂ ಕೂರ್ತಿದ್ರು: ಕೂಲಿಯಾಳುಗಳು. ಹೆಚ್ಚಾಗಿ ಹೆಂಗಸರು, ಹೆಚ್ಚಾಗಿ ತೋಟ ಇಲ್ಲದ ಮನೆಯವರು. ಅವರದ್ದು ಅಳತೆ ಲೆಕ್ಕ. ಸುಲಿದ ಅಡಿಕೆ ಡಬ್ಬಿಯಲ್ಲಿ ಅಳೆದು ಅಥವಾ ತೂಗಿ, ಮನೆ ಯಜಮಾನ ಪುಸ್ತಕದಲ್ಲಿ ಬರ್ಕೊಂಡು, ವಾರಕ್ಕೊಮ್ಮೆ ದುಡ್ಡು. ಡಬ್ಬಿಗೆ ಎಷ್ಟು ಅಂತ ಹೇಳೋನು ಯಜಮಾನ. ದೂರದಿಂದ ನೋಡಿದ್ರೆ ಎರಡೂ ಒಂದೇ ಚಿತ್ರ, ದೀಪದ ಸುತ್ತ ಕೂತು ಹರಟೆ ಹೊಡೀತಾ ಅಡಿಕೆ ಸುಲಿಯೋ ಹತ್ತು ಜನ. ವ್ಯತ್ಯಾಸ ಇರೋದು ಆ ಪುಸ್ತಕದಲ್ಲಿ. ಅಳತೆ ಶುರುವಾದ ಕೂಡಲೇ ಕೈಗಳೂ ಬದಲಾಗ್ತವೆ. ಡಬ್ಬಿ ಬೇಗ ತುಂಬೋ ದಪ್ಪ ಅಡಿಕೆ ಮೊದಲು ಖಾಲಿ, ಸಣ್ಣದು ರಾಶಿಯ ತಳದಲ್ಲಿ ಉಳಿಯುತ್ತೆ. ಅವರನ್ನ ಬೈದು ಪ್ರಯೋಜನ ಇಲ್ಲ. ಅಳತೆಯ ಗುಣವೇ ಅದು.

ಸ್ಕ್ರಮ್ ಪುಸ್ತಕದಲ್ಲಿ ಹುಟ್ಟಿದ್ದು ಮುರಿಯಾಳಾಗಿ. ಬಹಳ ಕಡೆ ನಡೀತಿರೋದು ಕೂಲಿಯಾಳಾಗಿ.

ಬೆಂಗಳೂರಿನ ಕಥೆ ನೋಡಿ. 2000ದ ದಶಕದ ಆರಂಭದಲ್ಲೇ ಥಾಟ್‌ವರ್ಕ್ಸ್ ಕಂಪನಿ ಇಲ್ಲಿ ಕಚೇರಿ ತೆರೆದು, ಸಮುದ್ರದಾಚೆಯ ಗಿರಾಕಿಗಳ ಜೊತೆ ಅಜೈಲ್ ನಡೆಸೋ ಪ್ರಯತ್ನ ಮಾಡಿತು. ಸ್ನೋಬರ್ಡಿನ 17 ಜನರಲ್ಲಿ ಒಬ್ಬರಾದ ಮಾರ್ಟಿನ್ ಫೌಲರ್ ಆ ಅನುಭವದ ಬಗ್ಗೆ ಉದ್ದದ ಲೇಖನವನ್ನೇ ಬರೆದ್ರು. ಎರಡೂ ಕಡೆಯವರು ಆಗಾಗ ವಿಮಾನ ಹತ್ತಿ ಹೋಗಿ ಒಟ್ಟಿಗೆ ಕೂರ್ಬೇಕು, ಮೇಲಿನವರಿಗೆ ಎದುರು ಮಾತಾಡೋಕೆ ಹಿಂಜರಿಯೋ ಅಭ್ಯಾಸ ದಾಟ್ಬೇಕು ಅಂತೆಲ್ಲ. ನಮ್ಮ ಹೆಚ್ಚಿನ ಸರ್ವಿಸ್ ಕಂಪನಿಗಳ ವ್ಯಾಪಾರ ಮಾತ್ರ ಆಳಿನ ಲೆಕ್ಕದ್ದು, ಇಷ್ಟು ಜನ ಇಷ್ಟು ಗಂಟೆ ಅಂತ ಬಿಲ್ಲು. ಅಂಥ ಜಾಗಕ್ಕೆ ಸ್ಕ್ರಮ್ ಬಂದಾಗ ಏನಾಗ್ಬೇಕೋ ಅದೇ ಆಯ್ತು. ಕ್ಯಾಲಿಫೋರ್ನಿಯಾದವರ ಬೆಳಿಗ್ಗೆಗೆ ನಮ್ಮ ರಾತ್ರಿ, ಹದಿನೈದು ನಿಮಿಷದ ಸ್ಟ್ಯಾಂಡ್‌ಅಪ್ ಮುಕ್ಕಾಲು ಗಂಟೆಯ ಹಾಜರಿಯಾಯ್ತು. ತಂಡ ತನ್ನೊಳಗೆ ಮಾತಾಡೋ ಬದಲು ಒಬ್ಬೊಬ್ಬರೇ ಮ್ಯಾನೇಜರಿಗೆ ವರದಿ ಒಪ್ಪಿಸೋದು.

ಸ್ಟೋರಿ ಪಾಯಿಂಟಿನ ಗತಿಯಂತೂ ಕೇಳಲೇಬೇಡಿ. ಒಂದು ಕೆಲಸ ಇನ್ನೊಂದರ ಮುಂದೆ ಎಷ್ಟು ದೊಡ್ಡದು ಅಂತ ತಂಡ ಅಂದಾಜು ಮಾಡೋಕೆ 1, 2, 3, 5, 8 ಅಂತ ಅಂಕೆ ಕೊಡೋದು. ಕಾಲ ಲೆಕ್ಕ ಹಾಕೋಕೆ ಅಲ್ಲ, ಮನುಷ್ಯರನ್ನ ಹೋಲಿಸೋಕಂತೂ ಅಲ್ಲವೇ ಅಲ್ಲ. ನಾನಿದ್ದ ಒಂದು ಕಂಪನಿಯಲ್ಲಿ ಪ್ರತಿ ಶುಕ್ರವಾರ ಯಾರು ಎಷ್ಟು ಪಾಯಿಂಟ್ ಮುಗಿಸಿದ್ರು ಅಂತ ಹೆಸರು ಸಮೇತ ಪಟ್ಟಿ ಬರ್ತಿತ್ತು. ಎರಡು ತಿಂಗಳಲ್ಲಿ 3ರ ಕೆಲಸವೆಲ್ಲ 8 ಆಯ್ತು. ಪಾಯಿಂಟ್ ಸಿಗದ ಕೆಲಸ, ಅಂದ್ರೆ ಹೊಸಬರಿಗೆ ಕಲಿಸೋದು, ಹಳೇ ಕೋಡ್ ಸ್ವಚ್ಛ ಮಾಡೋದು, ಯಾರೂ ಮುಟ್ಟದೆ ರಾಶಿಯ ತಳದಲ್ಲಿ ಉಳೀತು. ನಮ್ಮ ತಂಡದಲ್ಲಿ ಎಲ್ಲರಿಗೂ ಹೇಳಿಕೊಡ್ತಿದ್ದ ಯಲ್ಲಾಪುರ ಕಡೆಯ ಒಬ್ಬ ಹುಡುಗಿ ಆ ಪಟ್ಟಿಯಲ್ಲಿ ಸದಾ ಕೊನೆ. ವರ್ಷ ತುಂಬೋದ್ರೊಳಗೆ ಬಿಟ್ಟು ಹೋದ್ಲು. ಅವಳು ಹೋದ ಮೇಲೆ ಪಟ್ಟಿಯ ಮೇಲಿದ್ದವರ ಪಾಯಿಂಟೂ ಇಳೀತು, ಕಾರಣ ಏನು ಅಂತ ಒಂದು ಮೀಟಿಂಗ್ ಕೂಡ ಆಯ್ತು! ಸ್ಟೋರಿ ಪಾಯಿಂಟ್ ಹುಟ್ಟಿಸಿದವರಲ್ಲಿ ಒಬ್ಬರು ಅಂತ ಹೆಸರಾದ ರಾನ್ ಜೆಫ್ರಿಸ್ ಆಮೇಲೆ, ಅದನ್ನ ಕಂಡುಹಿಡಿದವನು ನಾನೇ ಆಗಿದ್ರೆ ಈಗ ವಿಷಾದ ಪಡ್ತೀನಿ ಅನ್ನೋ ಅರ್ಥದಲ್ಲಿ ಬರೆದ್ರು.

ಸ್ಕ್ರಮ್ ಬರೆದವರಿಗೂ ಇದು ಕಂಡಿರ್ಬೇಕು. 2010ರಲ್ಲಿ ಮೊದಲ ಸ್ಕ್ರಮ್ ಗೈಡ್ ಬಂತು. 2011ರ ಪರಿಷ್ಕರಣೆಯಲ್ಲೇ, ತಂಡ ಸ್ಪ್ರಿಂಟಿನ ಕೆಲಸಕ್ಕೆ 'ಮಾತು ಕೊಡುತ್ತೆ' ಅನ್ನೋ ಪದ ತೆಗೆದು 'ಮುನ್ನಂದಾಜು ಹೇಳುತ್ತೆ' ಅಂತ ಮಾಡಿದ್ರು. ಸಣ್ಣ ಬದಲಾವಣೆ ಅಲ್ಲ ಅದು. ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ ಅಂತ ಬೈಬಹುದು, ಹವಾಮಾನದ ಅಂದಾಜು ತಪ್ಪಿದ್ರೆ ಯಾರನ್ನ ಬೈಯೋದು?

ಹಾಗಾದ್ರೆ ಲೆಕ್ಕ ಬರೆಯೋದೇ ತಪ್ಪಾ? ಹಾಗೂ ಅಲ್ಲ ಅಂತ ಹೇಳೋಕೆ ನಮ್ಮ ಸೀಮೆಯಲ್ಲೇ ಸಾಕ್ಷಿ ಇದೆ. 1923ರಲ್ಲಿ ಶಿರಸಿಯಲ್ಲಿ ಅಡಿಕೆ ಬೆಳೆಗಾರರು ತೋಟಗಾರರ ಸಹಕಾರಿ ಮಾರಾಟ ಸಂಘ ಕಟ್ಟಿದ್ರು, ನಾವೆಲ್ಲ ಟಿಎಸ್ಎಸ್ ಅನ್ನೋದು ಅದನ್ನೇ. ಸಿದ್ದಾಪುರ ಯಲ್ಲಾಪುರದಲ್ಲೂ ಶಾಖೆ ಇದೆ. ಮುರಿಯಾಳಿನ ಹಾಗೆ ತಲೆಯಲ್ಲಿ ಲೆಕ್ಕ ಇಟ್ಟುಕೊಳ್ಳೋಕೆ ಅದು ಹತ್ತು ಮನೆಯ ಕೇರಿಯಲ್ಲ. ಪುಸ್ತಕ ಬೇಕು, ಗುಮಾಸ್ತರು ಬೇಕು, ತೂಕ ಬೇಕು. ಆದ್ರೆ ಅಲ್ಲಿ ಬರೆಯೋ ಗುಮಾಸ್ತರಿಗೆ ಸಂಬಳ ಕೊಡೋರು ಯಾರ ಅಡಿಕೆ ತೂಗ್ತಾರೋ ಅವರೇ. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು, ಈ ಅಂಕಿ ಹೇಗೆ ಬಂತು ಅಂತ ಕೇಳಬಹುದು. ಕೇಳ್ತಾರೆ ಕೂಡ, ಜೋರಾಗೇ ಕೇಳ್ತಾರೆ! ಸ್ಕ್ರಮ್ಮಿನ ಗೋಡೆ ಬೋರ್ಡೂ ಮೂಲದಲ್ಲಿ ಇಂಥದ್ದೇ ಪುಸ್ತಕ, ತಂಡ ತನಗೋಸ್ಕರ ಬರ್ಕೊಳ್ಳೋದು. ಅದು ಕಂಪ್ಯೂಟರಿನೊಳಗೆ ಹೋಗಿ, ಮೂರು ಮೆಟ್ಟಿಲು ಮೇಲಿನವರ ಪರದೆಯಲ್ಲಿ ಬಣ್ಣಬಣ್ಣದ ಗ್ರಾಫ್ ಆದಾಗ ಯಜಮಾನನ ಪುಸ್ತಕ ಆಗ್ಬಿಡುತ್ತೆ.

2020ರ ನವೆಂಬರ್ ತಿಂಗಳು ಇದಕ್ಕೆಲ್ಲ ಒಳ್ಳೇ ಕನ್ನಡಿ. ಆ ತಿಂಗಳು ಸ್ಕ್ರಮ್ ಗೈಡಿನ ಹೊಸ ಆವೃತ್ತಿ ಬಂತು. ತಂಡ ತನ್ನನ್ನ ತಾನೇ ನಿರ್ವಹಿಸಿಕೊಳ್ಳುತ್ತೆ ಅಂತ ಇನ್ನೂ ಗಟ್ಟಿಯಾಗಿ ಬರೆದ್ರು. ನಿನ್ನೆ ಏನು ಮಾಡಿದೆ, ಇವತ್ತು ಏನು, ಅಡ್ಡಿ ಏನು ಅನ್ನೋ ಪ್ರಸಿದ್ಧ ಮೂರು ಪ್ರಶ್ನೆಗಳನ್ನ ಗೈಡಿನಿಂದ ತೆಗೆದೇ ಹಾಕಿದ್ರು. ಹಾಜರಿ ಕರೆಯೋಕೆ ಅವು ಎಷ್ಟು ಅನುಕೂಲ ಅಂತ ಅವರಿಗೂ ಗೊತ್ತಾಗಿತ್ತೋ ಏನೋ. ಅದೇ ತಿಂಗಳು ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮುಷ್ಕರ, ಲಾಕೌಟ್. ಕೆಲಸದ ಹೊರೆ ವಿಪರೀತ ಅನ್ನೋದು ಕಾರ್ಮಿಕರ ದೊಡ್ಡ ದೂರು. ಆಡಳಿತ ಅದನ್ನ ಒಪ್ಪಲಿಲ್ಲ. ಯಾರದ್ದು ಸರಿ ಅನ್ನೋ ತೀರ್ಪು ನನ್ನದಲ್ಲ. ಆದ್ರೆ ಕಾನ್‌ಬಾನ್ ಹುಟ್ಟಿಸಿದ ಮನೆತನದ ಅಂಗಳದಲ್ಲೇ ಜಗಳ ನಡೆದಿದ್ದು ಎಷ್ಟು ವೇಗ ಅನ್ನೋದನ್ನ ಯಾರು ಹೇಳ್ಬೇಕು ಅನ್ನೋದ್ರ ಮೇಲೆ.

ಅದೇ ದಿನಗಳಲ್ಲಿ ನಾವೆಲ್ಲ ಲ್ಯಾಪ್‌ಟಾಪ್ ಹೊತ್ತು ಊರಿಗೆ ಬಂದಿದ್ವಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡದ ತಲೆಗೆ ತಾಡಪಾಲು ಕಟ್ಟಿಕೊಂಡು ಕೂತಿದ್ವಿ. ನಮ್ಮೂರ ಬೆಟ್ಟದ ಮೇಲೆ ಒಂದೇ ಮಾಡಿನ ಕೆಳಗೆ ನಾಲ್ಕು ಬೇರೆ ಬೇರೆ ಕಂಪನಿಯ ನಾಲ್ಕು ಜನ ನಾಲ್ಕು ಸ್ಟ್ಯಾಂಡ್‌ಅಪ್ ಮಾಡ್ತಿದ್ವಿ. ಕೆಳಗೆ ತೋಟದಲ್ಲಿ ಮೊದಲ ಕೊಯ್ಲು. ಮನೆ ಅಂಗಳದಲ್ಲಿ ಬಾಡಿಗೆಗೆ ಬಂದ ಸುಲಿಯೋ ಯಂತ್ರದ ಸದ್ದು. ಸುಲಿಯೋಕೆ ಮುರಿಯಾಳಿಗೆ ಬರೋರೂ ಇಲ್ಲ, ಕೂಲಿಗೆ ಬರೋರೂ ಕಡಿಮೆ. ಕೊನೆಗೌಡನ ದಿನ ಮಾತ್ರ ಎರಡು ತಿಂಗಳ ಮೊದಲೇ ಗೊತ್ತು ಮಾಡ್ಬೇಕಿತ್ತು. ಬಂದವನು ಇಬ್ಬನಿಗೆ ಒದ್ದೆಯಾದ ಮರ ಮುಟ್ಟಿ ನೋಡಿ, ಇವತ್ತು ಇಷ್ಟೇ ಮರ ಅಂತ ಹೇಳಿ ಹತ್ತಿದ್ರೆ ಕೆಳಗೆ ಹಗ್ಗ ಹಿಡಿದ ಅಪ್ಪಯ್ಯನೂ ಸರಿ ಅಂದ. ನಾನು ಅವತ್ತಿನ ಸ್ಟ್ಯಾಂಡ್‌ಅಪ್‌ನಲ್ಲಿ, ನಮ್ಮ ತಂಡಕ್ಕೆ ಈ ಸ್ಪ್ರಿಂಟಿನಲ್ಲಿ ಇಷ್ಟೇ ಆಗುತ್ತೆ, ಇನ್ನೆರಡು ಚೀಟಿ ವಾಪಸ್ ಹಾಕ್ತಾ ಇದೀವಿ ಅಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂದ್ಕೊಂಡೆ, ಹೋಗಿರಲಿಲ್ಲ. ಆಮೇಲೆ ಪ್ರಾಡಕ್ಟ್ ಓನರ್, ಯಾವ ಎರಡು ಅಂತ ಕೇಳಿದ್ರು.